ಗೌರಾಬಾಯಿಯ ನೆರಳು

ತೊಂಬತ್ತೆಂಟರ ಅಕ್ಟೋಬರಿಗೆ, ಚಿಂಚವಾಡದ ಮನೆಯಂಗಳದಲ್ಲಿ ಶಿವಕಾಂತಾ ನೆಟ್ಟ ದ್ರಾಕ್ಷಿ ಬಳ್ಳಿಗೆ ನಾಲ್ಕು ವರ್ಷ ತುಂಬಿತ್ತು. ಚಪ್ಪರದ ತುಂಬ ಎಲೆ, ಒಂದೂ ಕಾಯಿಲ್ಲ. ಅತ್ತೆ ಗೌರಾಬಾಯಿಗೆ ಅದರ ಚಿಂತೆಯಿರಲಿಲ್ಲ. ಆ ನೆರಳಲ್ಲಿ ಕೂತು ಕಾಳು ಹಸನು ಮಾಡುವುದೇ ಅವರಿಗೆ ಸುಖ. ಅಜ್ಜಿಯ ಕಥೆಯಲ್ಲಿ ಗಿಡದೊಳಗೆ ಅಡಗಿ ಕೂತ ರಾಜಕುಮಾರಿಯಂತೆ ಹಣ್ಣು ಬಳ್ಳಿಯೊಳಗೇ ಅಡಗಿದೆಯೇನೋ ಎಂಬ ಕುತೂಹಲ ಮಾತ್ರ ಸೊಸೆಯನ್ನು ಬಿಡಲಿಲ್ಲ.

ವಿಜಾಪುರದ ತೋಟಗಳಲ್ಲಿ ದುಡಿದು ಬಂದಿದ್ದ ನೆರೆಮನೆಯ ಅವ್ವಣ್ಣ ನೋಡಿ ನಕ್ಕರು. “ಈಗ ಚಾಟ್ನಿ ಮಾಡ್ಬೇಕವ್ವ, ಕಡ್ಡಿ ಸವರಬೇಕು. ಕಡ್ಡಿ ಕತ್ತರಸದಿದ್ರ ಬರೇ ಎಲಿ ನೋಡ್ಕೋತ ಕೂಡ್ತೀರಿ.”

“ಹಸರ ಬಳ್ಳಿಗೆ ಕತ್ತರಿ ಹಾಕ್ತೀಯಾ? ಒಣಗಿದ್ರ ನನ್ನ ನೆರಳ ತವರಿಂದ ತರ್ತೀಯೇನು?” ಎಂದರು ಅತ್ತೆ, ಸೊಸೆಯತ್ತ ತಿರುಗಿ.

ಶಿವಕಾಂತಾ ಎದೆ ಗಟ್ಟಿ ಮಾಡಿಕೊಂಡು ಕತ್ತರಿಸಿದಳು. ಚಪ್ಪರ ಬೋಳಾಯಿತು. ಮರುದಿನ ಕಡ್ಡಿಯ ತುದಿಗಳಿಂದ ನೀರು ತೊಟ್ಟಿಕ್ಕತೊಡಗಿತು.

“ಅಳ್ಲಿಕತ್ತದಲ್ರಿ ಕಾಕಾ,” ಎಂದಳು ಗಾಬರಿಯಿಂದ.

“ಬೇರಿಗೆ ಜೀವ ಅದ ಅಂದಂಗಾತು. ತಡಿ,” ಎಂದರು ಅವ್ವಣ್ಣ.

ಅತ್ತೆ ತಲೆಗೆ ಸೆರಗು ಹೊದ್ದು, ಸೊಸೆಯೊಡನೆ ಮಾತು ಬಿಟ್ಟು, ಹದಿನೈದು ದಿನ ಬಿಸಿಲಲ್ಲೇ ಕೂತರು. ಹದಿನಾರನೆಯ ಬೆಳಿಗ್ಗೆ ಅವರೇ ಕರೆದರು: “ಇಲ್ಲಿ ಬಾ. ಚಿಗುರಿನಾಗ ಸಾಸಿವಿ ಕಾಳಿನಂಥಾವು ಏನವ?”

ಶಿವಕಾಂತಾ ಬಾಗಿದಳು. ಎಳೆ ಎಲೆಯ ಮಗ್ಗುಲಲ್ಲಿ ಬೆರಳ ತುದಿಯಷ್ಟು ಗೊಂಚಲು. ಅಷ್ಟರಲ್ಲಿ ಅತ್ತೆ ಇನ್ನೊಂದು ಕಡ್ಡಿ ಬಗ್ಗಿಸಿ ಹುಡುಕತೊಡಗಿದ್ದರು. ತಲೆಯ ಸೆರಗು ಜಾರಿದ್ದು ಅವರಿಗೆ ತಿಳಿಯಲೇ ಇಲ್ಲ.