ನಿಟ್ಟೆಯಲ್ಲಿ ಎರಡು ಚಾಪೆ

ಮೂರನೆಯ ಸಲ ಸೀಟಿ ಊದಿದರೂ ಯಾರೂ ಹೂವಿನ ಕಟ್ಟು ತರದಿದ್ದಾಗ, ಕಂಡಕ್ಟರ್ ಜೇಮ್ಸ್ ಬಸ್ಸಿನಿಂದಿಳಿದು ಗೇಟಿನ ತನಕ ಬಂದ. ಅಂಗಳದಲ್ಲಿ ಜನ ನಿಂತಿದ್ದರು. ಶಂಕರಪುರದ ಈ ಮನೆಯ ಸರಸ ದಿನಾ ಕಟ್ಟಿ ಕೊಡುತ್ತಿದ್ದ ಮಲ್ಲಿಗೆಯನ್ನು ಕಾರ್ಕಳದ ದಾರಿಯ ಅಂಗಡಿಗಳಿಗೆ ಮುಟ್ಟಿಸುವವನು ಅವನೇ. ಬೆಳಗಿನ ಜಾವ ಎದೆನೋವು ಬಂದು ತೀರಿಕೊಂಡಳೆಂದು ಯಾರೋ ಹೇಳಿದರು. ಜೇಮ್ಸ್ ಟಿಕೆಟಿನ ಚೀಲವನ್ನು ಎದೆಗೊತ್ತಿಕೊಂಡು ಅಂಗಳದತ್ತ ತಲೆಬಾಗಿಸಿದ. ಮತ್ತೆ ಹೋಗಿ ಬಸ್ಸು ಹತ್ತಿದ.

ಜಗಲಿಯಲ್ಲಿ ಸರಸಳ ಗಂಡ ತಾರಾನಾಥ ಗೋಡೆಗೊರಗಿ ಕೂತಿದ್ದ. ಮಗಳು ಸುಭಾಷಿಣಿ ಪಕ್ಕದಲ್ಲಿ ಕೂತು, ಅಮ್ಮನ ಹರಕೆ ಬಾಕಿ ಉಳಿಯಿತಲ್ಲ ಎಂದಳು. ಕಟ್ಟಿಗೆಗೆ ಜನ ಕಳಿಸಿ ಬಂದ ದೊಡ್ಡಪ್ಪ ಜನಾರ್ದನ ಅದನ್ನು ಕೇಳಿಸಿಕೊಂಡ.

"ಅದಕ್ಕೆಂತ ಚಿಂತೆ? ಉತ್ತರಕ್ರಿಯೆ ಮುಗಿದು ಬೊಜ್ಜದ ಊಟ ಆದ ಮೇಲೆ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಕೈಮುಗಿದು ಬನ್ನಿ. ಹೋದವರ ಹರಕೆಗೆ ದೇವರು ಅಷ್ಟೆಲ್ಲ ಹಟ ಹಿಡಿಯುವುದಿಲ್ಲ."

ತಾರಾನಾಥ ಕಾಲು ನೀಡಿ ಮಂಡಿ ನೀವಿಕೊಂಡ.

*

ಎಪ್ಪತ್ತಾರನೆಯ ಇಸವಿಯಲ್ಲಿ ಸುಭಾಷಿಣಿಗೆ ಟೈಫಾಯ್ಡ್ ಆಗಿ, ಮಣಿಪಾಲದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ್ದಾಗ, ಗಂಡನ ಜೊತೆ ಧರ್ಮಸ್ಥಳಕ್ಕೆ ಬರ್ತೇನೆಂದು ಸರಸ ಹೇಳಿಕೊಂಡ ಹರಕೆ ಅದು. ಆಮೇಲೆ ಏಳು ವರ್ಷ, ಮಳೆಗಾಲ ಮುಗಿದಾಗಲೆಲ್ಲ ಸರಸ ಅದನ್ನು ನೆನಪಿಸುತ್ತಿದ್ದಳು. ಮೊಗ್ಗು ಕೊಯ್ಯುವವರು ಯಾರು ಎಂದು ಒಂದು ವರ್ಷ ಅವನು ಕೇಳಿದ. ಇನ್ನೊಂದು ವರ್ಷ ಅವನ ಮಂಡಿನೋವು ಅಡ್ಡ ಬಂತು.

"ಬಸ್ಸಿಲ್ವಾ ಮಾರಾಯ್ತಿ?"

"ನಡೆದು ಬರ್ತೇನೆ ಅಂತ ದೇವರಿಗೆ ಹೇಳಿದ್ದು ನಾನು. ಬಸ್ಸಿನ ಮಾತು ಎತ್ತಿರಲಿಲ್ಲ."

ಹೆದ್ದಾರಿಯಲ್ಲಿ ಲಾರಿಗಳ ಕಾಟ ಎಂದರೆ, ಕಾರ್ಕಳ, ಬಜಗೋಳಿ, ನಾರಾವಿಯ ಒಳದಾರಿ ಉಂಟಲ್ಲ ಎಂದಳು. ಆ ಕಡೆ ನಮಗೆ ಯಾರ ಪರಿಚಯ, ಎಲ್ಲಿ ಮಲಗುವುದು ಎಂದು ಅವನು ಕೇಳಿದ. ಅವಳು ಬಾಳೆನಾರನ್ನು ನೀರಿನಲ್ಲಿ ಅದ್ದಿ, ಹೂ ಕಟ್ಟುತ್ತಾ ಕೂತಳು. ಅವಳು ಬಿಟ್ಟುಕೊಟ್ಟಳೆಂದೇ ಅವನು ತಿಳಿದ.

*

ಹೆಣ ಎತ್ತುವ ಸ್ವಲ್ಪ ಮೊದಲು ಅಪರಿಚಿತ ಹೆಂಗಸೊಬ್ಬಳು ಅವಸರದಲ್ಲಿ ಬಂದು, ಸರಸಳ ಕಾಲಬುಡದಲ್ಲಿ ಕೂತು ಮುಖವನ್ನೇ ನೋಡಿದಳು. ದಹನ ಮುಗಿಸಿ ಗಂಡಸರು ಮಿಂದು ಬಂದಾಗಲೂ ಅವಳು ಅಲ್ಲೇ ಇದ್ದಳು. ತಾರಾನಾಥ ಯಾರೆಂದು ಕೇಳಿದ.

"ಸುಂದರಿ ಅಂತ. ನಿಟ್ಟೆಯಲ್ಲಿ ಸಣ್ಣ ಹೂವಿನಂಗಡಿ. ಬೆಳಿಗ್ಗೆ ಜೇಮ್ಸಣ್ಣ ಬರಿಗೈಯಲ್ಲಿ ಇಳಿದು ವಿಷಯ ಹೇಳಿದರು. ಅಕ್ಕನ ಮುಖ ಇವತ್ತೇ ನೋಡಿದ್ದು ನಾನು."

ಎರಡು ವರ್ಷದಿಂದ ಹೂವಿನ ಕಟ್ಟಿನ ಜೊತೆ ಸರಸಳ ಒಂದೊಂದು ಪ್ರಶ್ನೆ ಜೇಮ್ಸನ ಬಾಯಲ್ಲಿ ನಿಟ್ಟೆಗೆ ಹೋಗುತ್ತಿತ್ತಂತೆ. ಮರುದಿನ ಉತ್ತರ ಬರುತ್ತಿತ್ತು. ನಡಿಗೆಯ ಮೊದಲ ದಿನ ಮಲಗಲು ಸುಂದರಿಯ ಮನೆ, ಎರಡನೆಯ ದಿನ ಬಜಗೋಳಿಯಲ್ಲಿ ಅವಳ ತಂಗಿಯ ಮನೆ, ಮೂರನೆಯ ದಿನ ನಾರಾವಿಯಲ್ಲಿ ತಂಗಿಯ ನಾದಿನಿಯ ಮನೆ. ಅಲ್ಲಿಂದ ಮುಂದಿನದ್ದು ಇನ್ನೂ ವಿಚಾರಿಸುವುದಿತ್ತು. ಒಮ್ಮೆ ಮಾತ್ರ ಅದು ಪ್ರಶ್ನೆಯಾಗಿರಲಿಲ್ಲ.

"ಇವರಿಗೆ ಮಂಡಿನೋವು, ಸಂಜೆ ಒಂದು ಹಂಡೆ ಬಿಸಿನೀರು ಬೇಕು ಅಂತ ಹೇಳಿ ಕಳಿಸಿದ್ದರು. ಈ ವರ್ಷ ಒಪ್ಪುತ್ತಾರೆ ಅಂತ ನಾನು ಎರಡು ಹೊಸ ಚಾಪೆ ತೆಗೆದಿಟ್ಟಿದ್ದೆ, ಅಣ್ಣ."

ಜನಾರ್ದನ ಕೆಮ್ಮಿ, ಹೊತ್ತಾಯಿತು, ದೂರ ಹೋಗುವವರು ಹೊರಡಲಿ ಎಂದ. ಸಾವಿನ ಮನೆಯಿಂದ ಹೇಳದೆ ಎದ್ದು ಹೋಗುವುದು ರೂಢಿ. ಸುಂದರಿ ಸೆರಗು ಹೊದ್ದುಕೊಂಡು ಎದ್ದವಳು ಅಭ್ಯಾಸಬಲದಿಂದ, "ಬರ್ತೇನೆ ಅಣ್ಣ" ಎಂದುಬಿಟ್ಟಳು. ಜಗಲಿಯ ಹೆಂಗಸರು ತಟ್ಟನೆ ತಲೆಯೆತ್ತಿದರು. ಅವಳು ನಾಲಗೆ ಕಚ್ಚಿಕೊಂಡಳು.

"ನೀವು ಬರುವುದು ಬೇಡ," ತಾರಾನಾಥ ಮೆಲ್ಲಗೆ ಹೇಳಿದ. "ನಾನೇ ಬರ್ತೇನೆ. ನಡೆದು. ಬೊಜ್ಜ ಆದ ಮರುದಿನ."

ಜನಾರ್ದನ ಏನೋ ಹೇಳಹೊರಟ. ಸುಭಾಷಿಣಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

"ಚಾಪೆ ಎರಡೂ ಇರಲಿ, ಅಕ್ಕ," ಎಂದಳು.

ಸುಂದರಿಯನ್ನು ಹತ್ತಿಸಿಕೊಂಡ ಬಸ್ಸು ಶಿರ್ವದ ಕಡೆ ತಿರುಗಿ ಮರೆಯಾಯಿತು. ತಾರಾನಾಥ ಬರಿಗಾಲಲ್ಲಿ ರಸ್ತೆಗಿಳಿದು ತಿರುವಿನ ತನಕ ಹೋದ. ಅಲ್ಲಿಂದಾಚೆಗೆ ಏರು. ಒಂದು ಕೈಯನ್ನು ಮಂಡಿಯ ಮೇಲೆ ಊರಿ ಅರ್ಧ ಏರು ಹತ್ತಿದ. ಮೋರಿಕಟ್ಟೆ ಸಿಕ್ಕಿತು. ಅದರ ಮೇಲೆ ಕೂತು ಕಾಲು ನೀಡಿಕೊಂಡ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.