ಅಲಮಾರಿನ ಹಿಂದಿನ ಗೋಡೆ

ಆ ಮನುಷ್ಯ ಮೂರನೆಯ ಸಲ ತೊಲೆಯನ್ನು ಬೆರಳಿನಿಂದ ಬಡಿದಾಗ ಕೆಜೈಯಾ ಪ್ರಾಸರ್ ಕೆಟಲನ್ನು ಬೇಕೆಂದೇ ಸದ್ದು ಮಾಡಿ ಒಲೆಯಿಂದಿಳಿಸಿದಳು. ಚಹಾ ಬೇಕೇ ಎಂದು ಕೇಳಲಿಲ್ಲ.

ಬಡಿದು ನೋಡುವವರನ್ನು ಅವಳು ಬಲ್ಲಳು. ವಿಂಡ್ಲೋ ಹಾಲ್ ಎಂಬ ಈ ಊರ ದೊಡ್ಡ ಮನೆಯನ್ನು ಕೊಂಡ ಹೊಸ ಧಣಿಯ ಏಜೆಂಟ್ ಕ್ರಿಸ್‌ಮಸ್ ಮುಗಿದ ಮೇಲೆ ಬಂದು, ಕುದುರೆಲಾಯದ ಕಂಬಗಳನ್ನು ಹೀಗೆಯೇ ಬಡಿದು, ಹಳೆಯದೆಂದು ಬರೆದುಕೊಂಡು ಹೋಗಿದ್ದ. ಮೂರು ವಾರದಲ್ಲಿ ಲಾಯವಿರಲಿಲ್ಲ. ಉಳಿದದ್ದು ದೊಡ್ಡ ಮನೆ, ಅದರ ಬೆನ್ನಿಗಿದ್ದ ಈ ಬಿಯರ್ ಕಾಯಿಸುವ ಮನೆ. ಇಲ್ಲಿ ಬಿಯರ್ ಕಾಯಿಸುವುದು ನಿಂತು ಅರವತ್ತು ವರ್ಷ. ಕೆಜೈಯಾ ಹುಟ್ಟಿದ್ದು, ಹಾಲ್‌ನವರ ಬಟ್ಟೆ ಒಗೆದದ್ದು, ಗಂಡನ ಕಣ್ಣು ಮುಚ್ಚಿದ್ದು ಎಲ್ಲ ಇದೇ ಸೂರಿನಡಿ.

ತನ್ನ ಹೆಸರು ಆಡ್ಲಮ್, ಸರ್ಕಾರಕ್ಕಾಗಿ ಕಟ್ಟಡಗಳ ಪಟ್ಟಿ ಮಾಡುತ್ತಿದ್ದೇನೆ ಎಂದಿದ್ದ ಅವನು. ಇರಬಹುದು. ಆದರೆ ಬರುವಾಗ ಏಜೆಂಟನಿಗೆ ಟೋಪಿ ಎತ್ತಿದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು.

"ಇದನ್ನ ಯಾವಾಗ ಕಟ್ಟಿದ್ದು, ಗೊತ್ತಾಮ್ಮ?"

"ನಮ್ಮಪ್ಪ ಕಟ್ಟಿದ್ದು. ಮೊದಲ್ನೇ ಯುದ್ಧ ಮುಗಿದ್ಮೇಲೆ. ಇನ್ನೂ ನೂರು ವರ್ಷ ಅಲ್ಲಾಡಲ್ಲ."

"ಮರ ಹಾಗೆ ಹೇಳ್ತಿಲ್ಲವಲ್ಲ."

"ನಿಮ್ಮ ಹತ್ರ ಮರ ಮಾತಾಡುತ್ತಾ? ಅಪ್ಪ ಎಲ್ಲಿಂದಲೋ ಹಳೇ ತೊಲೆ ತಂದು ಹಾಕಿದ."

ಮೇಜಿನ ಮೇಲೆ ಬೈಬಲ್ ಇತ್ತು. ಅವಳು ಅತ್ತ ನೋಡಲಿಲ್ಲ. ಅವನು ನಿಟ್ಟುಸಿರಿಟ್ಟು, ಹೊಸ ಕಟ್ಟಡವೆಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಬರೆದ. ದೊಡ್ಡ ಮನೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲವೆಂದೂ, ಅದಕ್ಕೆ ಮೊದಲು ಧಣಿಗಳು ಎಲ್ಲಿ ವಾಸವಿದ್ದರೆಂದು ಹುಡುಕುತ್ತಿರುವೆನೆಂದೂ, ಈ ಮನೆಯೇ ಇರಬಹುದೇನೋ ಎಂದು ಆಸೆಪಟ್ಟಿದ್ದೆನೆಂದೂ ತನ್ನಷ್ಟಕ್ಕೆ ಹೇಳಿಕೊಂಡ.

"ಹಳೇದಾಗಿದ್ರೆ ಪಟ್ಟಿಗೆ ಸೇರಿಸ್ತಿದ್ದೆ. ಪಟ್ಟಿಗೆ ಬಿದ್ದಿದ್ದನ್ನ ಸುಮ್ನೆ ಕೆಡವೋಕಾಗಲ್ಲ. ಬರ್ತೀನಮ್ಮ."

ಕೆಜೈಯಾ ಅವನ ಬೆನ್ನನ್ನೇ ನೋಡಿದಳು. ಏಜೆಂಟನೂ ಹೀಗೆಯೇ ಮೆತ್ತಗೆ ಮಾತಾಡಿದ್ದ. ಬಾಯಿ ಬಿಡಿಸಲು ಹೂಡಿದ ಆಟವೂ ಇರಬಹುದು. ಅವನ ಕೈ ಬಾಗಿಲ ಚಿಲಕದ ಮೇಲಿತ್ತು.

"ಈ ಅಲಮಾರಿನ ಆ ಕಡೆ ಹಿಡೀರಿ," ಎಂದಳು. "ಪಿಂಗಾಣಿ ಹುಷಾರು."

ಅಲಮಾರು ನೆಲವನ್ನು ಕೆರೆಯುತ್ತ ಸರಿಯಿತು. ಹಿಂದೆ ಹೊಗೆಗೂಡಿನ ಪಕ್ಕದ ಓಕ್ ಕಂಬ, ಮಸಿಗಪ್ಪು. ಆಡ್ಲಮ್ ಮೇಣದಬತ್ತಿ ಕೇಳಿ ಪಡೆದು, ಅದನ್ನು ಕಂಬಕ್ಕೆ ಒತ್ತಾಗಿ ಓರೆಯಾಗಿ ಹಿಡಿದ. ಬರಿದಾಗಿ ಕಾಣುತ್ತಿದ್ದ ಮರದಲ್ಲಿ ಗೀರುಗಳೆದ್ದವು: ಒಂದು ವೃತ್ತ, ಒಳಗೆ ಆರು ಎಸಳು, ಅದರ ಕೆಳಗೆ ಇನ್ನೊಂದು, ಮತ್ತೂ ಒಂದು. ಮಾಟಗಾತಿಯರು ಹೊಗೆಗೂಡಿನಿಂದ ಇಳಿಯದಿರಲೆಂದು, ದೊಡ್ಡ ಮನೆ ಏಳುವುದಕ್ಕೂ ಮೊದಲು ಯಾರೋ ಹೆದರಿಕೊಂಡು ಕೊರೆದವು.

"ಪ್ರಾರ್ಥನೆಗೆ ಬರೋ ಚಾಪೆಲ್‌ನೋರು ಈ ಮಾಟದ ಗುರುತು ನೋಡಿದ್ರೆ ಏನಂದಾರು ಅಂತ ಅಪ್ಪ ಅಲಮಾರು ಅಡ್ಡ ಇಟ್ಟಿದ್ದ. ಅಜ್ಜ ಗೋಣಿ ನೇತುಹಾಕಿದ್ದನಂತೆ."

"ನಿಮ್ಮಪ್ಪ ಕಟ್ಟಿದ ಮನೇಲಿ, ನಿಮ್ಮಜ್ಜ?"

ಅವಳ ಕೆನ್ನೆ ಬಿಸಿಯಾಯಿತು. "ಸುಳ್ಳು ಹೇಳಿದೆ. ಈಗ ಏನು ಬೇಕಾದ್ರೂ ಬರ್ಕೊಳ್ಳಿ."

ಆಡ್ಲಮ್ ಮಂಡಿಯೂರಿ ಕೊನೆಯ ವೃತ್ತವನ್ನೂ ಬೆರಳಿನಿಂದ ಸವರಿದ. ಆಮೇಲೆ ಮೇಜಿಗೆ ಬಂದು, ಬೈಬಲನ್ನು ಎರಡು ಕೈಯಲ್ಲಿ ಎತ್ತಿ ಬದಿಗಿಟ್ಟು, ತನ್ನ ಟಿಪ್ಪಣಿ ಪುಸ್ತಕ ಬಿಚ್ಚಿ ರಬ್ಬರಿನಿಂದ ಆಗ ಬರೆದಿದ್ದ ಆ ಸಾಲನ್ನು ಉಜ್ಜತೊಡಗಿದ. ಕಪ್ಪು ಪುಡಿ ಅವಳ ಮೇಜಿನ ಮೇಲೆಲ್ಲ ಉದುರಿತು. ಒಂದು ಬ್ರೆಡ್ಡಿನ ಚೂರನ್ನೂ ಅಲ್ಲಿ ಬಿಟ್ಟವಳಲ್ಲ ಕೆಜೈಯಾ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಹಿಡಿದುಕೊಂಡೇ ನಿಂತಳು.