ತೂಗುಗಲ್ಲು

ಗಾಜಿನ ಮೇಲೆ ಯಾರದೋ ಬೆರಳಚ್ಚು, ಒಂದು ಸಲ ಒರೆಸಿದರೆ ಹೋಗುತ್ತದೆ, ಎಂದುಕೊಂಡೇ ಶಿಲ್ಪಿ ಚಿಜುರು ಕಲ್ಲಿನಡಿಗೆ ಮೊಣಕೈಯೂರಿ ತೆವಳಿದ್ದು, ಆಮೇಲೆ ಮೇಲೆಲ್ಲೋ ಟಪ್ ಎಂದಿತು, ಒಣಕಡ್ಡಿ ಮುರಿದ ಹಾಗೆ — ಆದರೆ ಈ ಹಳೆಯ ಸಾಕೆ ಮದ್ಯದ ಉಗ್ರಾಣದಲ್ಲಿ ಒಣಕಡ್ಡಿ ಎಲ್ಲಿಂದ ಬರಬೇಕು, ಇರುವುದು ತೊಲೆಯಿಂದ ಇಳಿಬಿಟ್ಟ ಸೆಣಬಿನ ಹಗ್ಗ, ಅದರ ತುದಿಗೆ ಮುನ್ನೂರು ಕಿಲೋ ಹೊಳೆಗಲ್ಲು, ಕೆಳಗೆ ನೆಲದ ಮೇಲೆ ಗಾಜು, ನಡುವೆ ಅರವತ್ತೆರಡರ ಅವಳು. ಅಲ್ಲಾಡ್ಬೇಡಿ ಸೆನ್ಸೇ, ಒಂದೆಳೆ ಹೋಗಿದೆ, ಇನ್ನೆರಡಿದೆ — ಇವಾಕಿಚಿಯ ದನಿ, ಮೂವತ್ತು ವರ್ಷದಿಂದ ಅವಳನ್ನು ಗುರುವೆಂದೇ ಕರೆಯುತ್ತ ಅವಳ ಕಲ್ಲುಗಳನ್ನು ಎತ್ತಿ ಇಳಿಸುತ್ತ ಬಂದವನು, ಇಷ್ಟು ಮೆಲ್ಲಗೆ ಎಂದೂ ಮಾತಾಡಿದವನಲ್ಲ, ಅದಕ್ಕೇ ಭಯ. ಉಸಿರು ಗಾಜಿಗೆ ತಗುಲಿ ಮಂಜಾಗುತ್ತಿದೆ, ಆರುತ್ತಿದೆ, ಮತ್ತೆ ಮಂಜು. ಹೋದ ತಿಂಗಳು ತಾನೇ ಅವನು ಹೇಳಿದ್ದ, ಹಗ್ಗದ ಹೊಟ್ಟೇಲಿ ಒಂದು ಉಕ್ಕಿನ ತಂತಿ ಸೇರಿಸ್ತೀನಿ, ಯಾರಿಗೂ ಕಾಣಲ್ಲ, ಮಳೆಗಾಲ ಬೇರೆ, ಸೆಣಬನ್ನ ನಂಬೋಕಾಗಲ್ಲ — ಅವಳು ನಕ್ಕಿದ್ದಳು, ಒಳಗೆ ತಂತಿ ಇಟ್ರೆ ಹಗ್ಗ ಸುಳ್ಳು ಹೇಳಿದ ಹಾಗಲ್ವೇನಯ್ಯಾ, ಕಲ್ಲು ಕಲ್ಲಾಗಿರ್ಲಿ, ಹಗ್ಗ ಹಗ್ಗವಾಗಿರ್ಲಿ, ನೋಡೋರು ಸ್ವಲ್ಪ ಹೆದರ್ಲಿ ಬಿಡು. ನೋಡೋರು. ನಾಳೆ ಪ್ರದರ್ಶನದ ಬಾಗಿಲು ತೆರೆದರೆ ಬರುವವರು, ಬಗ್ಗಿ ಇಣುಕುವವರು, ತಂಗಿಯ ಮೊಮ್ಮಗಳು ಕೊಹಾರು, ನಾಲ್ಕು ವರ್ಷ, ಮೇಜು ಕಂಡರೆ ಸಾಕು ಅದರಡಿಗೆ ನುಸುಳುವವಳು — ಭಯದ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಳು ಪತ್ರಿಕೆಗಳಿಗೆ, ತೂಕ, ಬಯಲು, ಎರಡು ವಸ್ತುಗಳ ನಡುವಿನ ಮೌನ, ಅದರಲ್ಲೆಲ್ಲೂ ಹೀಗೆ ಬೆನ್ನಿನ ಚರ್ಮವೇ ಕಿವಿಯಾಗುವುದು ಇರಲಿಲ್ಲ. ಕಲ್ಲಿನಡಿಗೆ ಮರದ ದಿಮ್ಮಿ ಜಾರಿಸುವ ಸದ್ದು, ಎಡಕ್ಕೊಂದು, ಬಲಕ್ಕೊಂದು, ಈಗ ಬನ್ನಿ, ಹಿಂದಕ್ಕೆ, ತಲೆ ಎತ್ತಬೇಡಿ, ಇನ್ನೊಂದು ಗೇಣು, ಅವನ ಕೈ ಅವಳ ಕಣಕಾಲು ಹಿಡಿದು ಎಳೆಯುತ್ತಿದೆ, ಕೆನ್ನೆ ಗಾಜಿಗೆ ಉಜ್ಜುತ್ತಿದೆ, ಮತ್ತೆ ಮಂಜು, ನೆಲ, ಬೆಳಕು, ಟಪ್ — ಎರಡನೆಯದೂ ಹೋಯಿತು, ಉಳಿದೊಂದು ಎಳೆ ತಾಳಲಿಲ್ಲ, ಕಲ್ಲು ಕುಸಿದು ದಿಮ್ಮಿಗಳ ಮೇಲೆ ಕೂತಿತು, ಅವಳು ಹೊರಗಿದ್ದಳು. ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ತಂತಿ ಹಾಕು, ಎಂದಳು. ಕಾಣದ ಹಾಗೆ ಒಳಗೇ ಹಾಕ್ಲಾ, ಎಂದ. ಬೇಡ, ಹೊರಗೇ ಸುತ್ತು, ಎಲ್ರಿಗೂ ಕಾಣ್ಲಿ. ಅವನು ತೋಳಿನಿಂದ ಮುಖ ಒರೆಸಿಕೊಂಡ, ಮೂವತ್ತು ವರ್ಷಕ್ಕೆ ಒಂದ್ಸಲ ನನ್ನ ಮಾತು ಕೇಳಿದ್ರಿ ನೋಡಿ, ಎಂದ, ಅವಳು ಬಗ್ಗಿ ನೋಡಿದಳು, ಗಾಜು ಒಡೆದಿಲ್ಲ, ಕಲ್ಲಿಗೂ ಗಾಜಿಗೂ ನಡುವೆ ಉಳಿದಿರುವುದು ಒಂದು ಮುಷ್ಟಿಯಷ್ಟು ಎಡೆ, ಒಂದು ಮುಷ್ಟಿ, ತಲೆ ಹಿಡಿಯುವಷ್ಟಲ್ಲ, ಆ ಎಡೆಯೊಳಗೆ ಗಾಜಿನ ಮೇಲೆ ಅವಳ ಉಸಿರಿನ ಮಂಜು, ಬಾಯಷ್ಟಗಲ, ಅಂಚಿನಿಂದ ಆರುತ್ತ, ಇನ್ನೂ ಆರದೆ, ಅಂಚಿನಿಂದ, ಇನ್ನೂ —